ವಾದ್ಯ ಬದಲಿಸುವ ಹೊತ್ತು



ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಡದ ಊರು. 1755ರಲ್ಲಿ ತೀರಿಕೊಂಡ ಹರಿದಾಸ ವಿಜಯದಾಸರು ಹುಟ್ಟಿದ್ದು ಇಲ್ಲಿಯೇ. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ತಂಬೂರಿ, ತಾಳ, ಗೆಜ್ಜೆ: ದಾಸರ ಹಾಡಿಗೆ ಇಷ್ಟೇ ಸಾಕಾಗಿತ್ತು. ಹಾಗೆಂದು, ಹೆಚ್ಚು ಬೆಲೆಯ ಕೀಬೋರ್ಡ್ ಬೇಕೆನ್ನುವ ನಮ್ಮ ಮಕ್ಕಳ ಕೋರಿಕೆಯನ್ನು ಬರಿಯ ಆಡಂಬರವೆಂದು ತಳ್ಳಿಹಾಕಬಹುದೇ? ತೀರ್ಪು ಅಷ್ಟು ಸುಲಭವಲ್ಲ.

ತಂಬೂರಿಯನ್ನೇ ಗಮನಿಸಿ. ಹಾಡುವವರಿಗೆ ಶ್ರುತಿ ಹಿಡಿದುಕೊಡುವುದಷ್ಟೇ ಅದರ ನಾಲ್ಕು ತಂತಿಗಳ ಕೆಲಸ. ಕುದುರೆಯ ಮೇಲೆ, ತಂತಿಯ ಅಡಿಯಲ್ಲಿ, ಒಂದು ಸಣ್ಣ ದಾರದ ಎಳೆಯನ್ನು ಇಟ್ಟಿರುತ್ತಾರೆ. ಅದಕ್ಕೆ ಜೀವಾ ಎಂದು ಹೆಸರು. ಎಳೆ ಕೊಂಚ ಜಾರಿದರೂ ನಾದ ಮಂಕಾಗುತ್ತದೆ. ಸರಿಯಾದ ಜಾಗಕ್ಕೆ ಬಂದೊಡನೆ ತಂತಿ ತುಂಬಿ ಮೊಳಗುತ್ತದೆ. ದಾರ ಜಾರಿತೆಂದು ಯಾರೂ ತಂಬೂರಿಯನ್ನೇ ಬದಲಿಸುವುದಿಲ್ಲ. ಹಾರ್ಮೋನಿಯಂನ ತಿದಿ ಸೋರಿದರೆ ತೇಪೆ ಹಾಕಿಸಬಹುದು. ಸ್ವರ ತಪ್ಪಿದ ರೀಡನ್ನು ಬಲ್ಲವರು ನಯವಾಗಿ ಕೆರೆದು ಶ್ರುತಿಗೆ ತರುತ್ತಾರೆ. ಕೊಳ್ಳುವ ಮುನ್ನ ಇದ್ದುದರ ಎಳೆ ಎಲ್ಲಿ ಜಾರಿದೆಯೆಂದು ನೋಡುವುದು ಮೊದಲ ಕರ್ತವ್ಯ.

ಆದರೆ ಕೆಟ್ಟ ವಾದ್ಯವನ್ನು ಸಹಿಸಿಕೊಳ್ಳುವುದೇ ಸದ್ಗುಣವಲ್ಲ. ಕತ್ತು ಬಾಗಿ ತಂತಿಗಳು ಮೇಲೆದ್ದ ಗಿಟಾರಿನ ಮೇಲೆ ಮಗುವಿನ ಬೆರಳು ನೋಯುತ್ತದೆ. ನೋವು ವಾದ್ಯದ್ದೆಂದು ಅರಿಯದೆ ಅದು ‘ನನಗೆ ಸಂಗೀತ ಬಾರದು’ ಎಂದು ನಂಬಿಬಿಡುತ್ತದೆ. ಅಲ್ಲಿ ಹಣ ಉಳಿಸುವುದು ಮಗುವಿಗೆ ಮಾಡುವ ಅನ್ಯಾಯ. ಹಾಗೆಯೇ, ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ಒಂದೇ ಸದ್ದು ಕೊಡುವ ಕೀಬೋರ್ಡು ಕಲಿಕೆಯ ಆರಂಭಕ್ಕೆ ಸಾಕು. ಹಾಡಿನ ಒಂದು ಸಾಲು ಮೃದುವಾಗಿರಬೇಕೆಂದು ಮಗುವಿನ ಕಿವಿ ಬಯಸಿ, ಬೆರಳೂ ಹಾಗೆಯೇ ಒತ್ತಿ, ವಾದ್ಯ ಮಾತ್ರ ಒಪ್ಪದಿದ್ದಾಗ ಬದಲಾವಣೆಯ ಹೊತ್ತು ಬಂದಿದೆ.

ಸೌಲನು ತೊಡಿಸಿದ ಯುದ್ಧಕವಚವನ್ನು ದಾವೀದನು ಕಳಚಿಟ್ಟದ್ದು ಅದು ಕೀಳೆಂದಲ್ಲ. ಅದರ ರೂಢಿ ತನಗಿಲ್ಲವೆಂದು. ಅಭ್ಯಾಸಕ್ಕಿಂತ ಮುಂಚೆ ಬಂದ ಉತ್ತಮ ಸಾಧನವೂ ಹೊರೆಯೇ. ನೆರೆಯ ಗುಡಿಯ ಗಾಯನ ತಂಡಕ್ಕೆ ಹೊಸದು ಬಂದಿತೆಂದು, ಕ್ರಿಸ್ಮಸ್ ಸಮೀಪಿಸಿತೆಂದು ಸಾಲ ಮಾಡಿ ತಂದ ವಾದ್ಯ ಹಬ್ಬದ ಮರುದಿನದಿಂದ ಮೂಲೆ ಸೇರಿದರೆ, ಉಳಿಯುವುದು ಬಡ್ಡಿಯ ಲೆಕ್ಕವೊಂದೇ.

ಆದ್ದರಿಂದ ಮನೆಯಲ್ಲಿ ಈ ಪ್ರಶ್ನೆ ಎದ್ದಾಗ ಬೆಲೆಪಟ್ಟಿಗಿಂತ ಮೊದಲು ಮಗುವನ್ನು ಕೂರಿಸಿಕೊಂಡು ಕೇಳಿ: ‘ನಿನ್ನ ಕೈಗೆ ಬಂದದ್ದು, ಈ ವಾದ್ಯದಿಂದ ಬಾರದೆ ಹೋದದ್ದು ಯಾವುದು? ನುಡಿಸಿ ತೋರಿಸು.’ ಉತ್ತರ ಬೆರಳುಗಳಿಂದ ಬಂದರೆ ಕೂಡಿಟ್ಟ ಹಣವನ್ನು ಅಳುಕಿಲ್ಲದೆ ತೆಗೆಯಿರಿ. ಪರರನ್ನು ಕಂಡ ಕಣ್ಣಿನಿಂದಷ್ಟೇ ಬಂದರೆ ಪ್ರೀತಿಯಿಂದ ಇನ್ನೊಂದು ವರ್ಷ ಕಾಯಲು ಹೇಳಿ. ಹೊಸದು ಮನೆಗೆ ಬಂದ ದಿನ ಹಳೆಯದನ್ನು ಅಟ್ಟಕ್ಕೇರಿಸಬೇಡಿ. ದುರಸ್ತಿ ಮಾಡಿಸಿ, ಈಗಷ್ಟೇ ಕಲಿಯಹೊರಟ ಇನ್ನೊಂದು ಮಗುವಿನ ಕೈಗಿಡಿ.