ಸಾಲಿನ ಓದು, ಅನ್ವಯದ ಓದು

ನಾಂಪಲ್ಲಿಗೆ ಹೊಸದಾಗಿ ಬಂದವರಿಗೆ ಇಲ್ಲಿಯ ಮನೆ ನಂಬರು ಒಂದು ಒಗಟು. ಮೂರು ಅಂಕಿಗಳು, ನಡುವೆ ಅಡ್ಡಗೆರೆಗಳು, ಕೆಲವೊಮ್ಮೆ ಕೊನೆಗೊಂದು ಓರೆಗೆರೆ. ಮೊದಲನೆಯದು ವಾರ್ಡು, ಎರಡನೆಯದು ಬ್ಲಾಕು, ಮೂರನೆಯದು ಮನೆ. ಓರೆಗೆರೆಯ ಮುಂದಿನದು ಆ ಮನೆಯಿಂದ ಒಡೆದ ಪಾಲು ಎಂದು ತಿಳಿದವನು ಅಲೆಯುವುದು ಕಡಿಮೆ. ತಿಳಿಯದವನು ಬಾಗಿಲು ಬಾಗಿಲಿಗೂ ಹೋಗಿ ಕೇಳಬೇಕು.

ಅಕ್ಕನ ಮಗ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಬರೆಯುವುದನ್ನು ನೋಡುತ್ತಿದ್ದಾಗ ನನಗೆ ಈ ನಂಬರುಗಳ ನೆನಪಾಯಿತು. ಅವನು ಒಂದು ಕೀಲಿ ಒತ್ತಿದೊಡನೆ ಗುರುತು ಇಡೀ ಪುಟವನ್ನೇ ಹಾರಿತು.

“ಇಷ್ಟೊಂದು ಸಾಲು ಬಿಟ್ಟೆಯಲ್ಲೋ?” ಎಂದೆ.

“ಸಾಲು ಎಣಿಸಿ ಹೋಗೋದಿಲ್ಲ ಮಾಮಾ. ಈ ಆವರಣ ಎಲ್ಲಿ ತೆರೀತು, ಎಲ್ಲಿ ಮುಚ್ಚಿತು ಅನ್ನೋದು ಎಡಿಟರಿಗೆ ಗೊತ್ತು. ಒಂದು ಮಾತನ್ನ ಇಡಿಯಾಗಿ ದಾಟಬಹುದು, ಬೇಕಾದರೆ ಅದರ ಒಳಗೂ ಹೋಗಬಹುದು” ಎಂದ.

ಅವನು ಬಳಸುವುದು ೧೯೮೫ರಲ್ಲಿ ಹೊರಬಂದ ಗ್ನೂ ಈಮ್ಯಾಕ್ಸ್ ಎಂಬ ಎಡಿಟರು. ನಮಗೆ ಈ ವಿದ್ಯೆ ತೀರ ಅಪರಿಚಿತವೇನಲ್ಲ. ಪಂಪ ರನ್ನರ ಪದ್ಯ ಕಲಿಸುವಾಗ ಮೇಷ್ಟ್ರು ಮೊದಲು ಪದಚ್ಛೇದ, ಆಮೇಲೆ ಅನ್ವಯ, ಕೊನೆಗೆ ತಾತ್ಪರ್ಯ ಹೇಳುತ್ತಿರಲಿಲ್ಲವೆ? ಮೊದಲ ಪಾದದ ವಿಶೇಷಣ ನಾಲ್ಕನೆಯ ಪಾದದ ನಾಮಪದಕ್ಕೆ ಸೇರಿರಬಹುದು. ಪಾದಗಳನ್ನು ಬಂದ ಕ್ರಮದಲ್ಲಿ ಓದಿಕೊಂಡು ಹೋದವನಿಗೆ ಪದ್ಯ ದಕ್ಕದು.

ಯಾವುದು ಎಲ್ಲಿಗೆ ಸೇರಿದೆ ಎಂದು ತಿಳಿಯುವುದು ಬರಿಯ ವ್ಯಾಕರಣದ ಜಾಣ್ಮೆಯೆ, ಅಥವಾ ನೀತಿಯ ಪ್ರಶ್ನೆಯೂ ಹೌದೆ? ಹೌದೆಂದು ನನಗೆ ಕಲಿಸಿದ್ದು ನನ್ನದೇ ತಪ್ಪು.

ಹಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಸಹೋದ್ಯೋಗಿಯೊಬ್ಬರ ರಜೆಯ ಅರ್ಜಿ ಬಂತು. ನಿಯಮದಲ್ಲಿ ಎರಡು ಉಪಖಂಡಗಳು. ಕೊನೆಗೆ ‘ಆದರೆ’ ಎಂದು ಮೊದಲಾಗುವ ಒಂದು ನಿರ್ಬಂಧ. ಅದು ಎರಡನೆಯ ಉಪಖಂಡಕ್ಕೆ ಮಾತ್ರ ಸೇರಿದ್ದು. ನಾನು ಸಾಲು ಹಿಡಿದು ಓದಿ ಎರಡಕ್ಕೂ ಹಚ್ಚಿ, ‘ಅವಕಾಶವಿಲ್ಲ’ ಎಂದು ಟಿಪ್ಪಣಿ ಬರೆದೆ. ಮೇಲಿನವರು ಅದಕ್ಕೇ ಸಹಿ ಹಾಕಿದರು. ಆಕೆ ಸಂಬಳ ಬಿಟ್ಟು ಊರಿಗೆ ಹೋಗಿ, ಹಾಸಿಗೆ ಹಿಡಿದ ತಾಯಿಯ ಬಳಿ ನಾಲ್ಕೇ ದಿನ ಇದ್ದು ಮರಳಿದರು. ಮುಂದೆ ತಪ್ಪು ಗೊತ್ತಾಗಿ ಸಂಬಳವೇನೋ ಬಂತು. ಅಷ್ಟರಲ್ಲಿ ಆ ತಾಯಿ ತೀರಿಕೊಂಡಿದ್ದರು. ನಾನು ಕ್ಷಮೆ ಕೇಳಿದೆ. ನಿಯಮದ ಒಂದಕ್ಷರವನ್ನೂ ನಾನು ತಪ್ಪಾಗಿ ಓದಿರಲಿಲ್ಲ ಎಂಬುದು ಇಂದಿಗೂ ಚುಚ್ಚುತ್ತದೆ.

ಹಾಗೆಂದು ರಚನೆಯೇ ಸರ್ವಸ್ವವೆಂದರೆ ಅದೂ ಅಪಾಯ. ೧೯೮೧ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಟೈಟಲ್‌ಬಾಮ್ ಮತ್ತು ರೆಪ್ಸ್ ಎಂಬವರು ವಿವರಿಸಿದ ಎಡಿಟರಿನಲ್ಲಿ ವಾಕ್ಯಗಳ ಅಚ್ಚುಗಳನ್ನು ಯಂತ್ರವೇ ಒದಗಿಸುತ್ತಿತ್ತು. ಬರೆಯುವವನು ಅದರ ಚೌಕಟ್ಟು ಮುರಿಯುವಂತಿರಲಿಲ್ಲ. ಆದರೆ ಮನುಷ್ಯ ಬರೆಯುವುದು ತಡವರಿಸುತ್ತ, ಅರ್ಧಕ್ಕೆ ಬಿಡುತ್ತ. ಈಮ್ಯಾಕ್ಸಿಗೆ ೨೦೨೩ರಲ್ಲಿ ಸೇರಿದ ಟ್ರೀ-ಸಿಟರ್ ಎಂಬ ಸಾಧನ ಇದನ್ನು ಒಪ್ಪಿಕೊಳ್ಳುತ್ತದೆ. ಒಂದು ಆವರಣ ಮುಚ್ಚದೆ ಉಳಿದರೂ ಅದು ಇಡೀ ಬರಹವನ್ನು ತಳ್ಳಿಹಾಕದೆ, ಉಳಿದ ಭಾಗದ ರಚನೆಯನ್ನು ಸಾಧ್ಯವಾದಷ್ಟು ಗುರುತಿಸುತ್ತದೆ. ಅರ್ಜಿದಾರರ ಮಾತನ್ನೂ, ಮನೆಯಲ್ಲಿ ಮಕ್ಕಳ ಮಾತನ್ನೂ ನಾವು ಕೇಳಬೇಕಾದ್ದು ಹೀಗೆಯೇ ಅಲ್ಲವೆ?

ಇಷ್ಟಾದರೂ ಯಂತ್ರ ಅನ್ವಯದವರೆಗೆ ನಮ್ಮನ್ನು ಕರೆದೊಯ್ದೀತು. ಆ ನಿಯಮ ಯಾರ ಕಷ್ಟಕ್ಕಾಗಿ ಹುಟ್ಟಿತು ಎಂಬ ತಾತ್ಪರ್ಯವನ್ನು ಓದುವವನೇ ಹುಡುಕಿಕೊಳ್ಳಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ. ‘ಕೊಡಬಹುದು’ ಎಂದೋ ‘ಕೊಡಲಾಗದು’ ಎಂದೋ ತಿಳಿಯಲು ಕೊನೆಯ ಪದದವರೆಗೆ ಕಾಯಲೇಬೇಕು. ಕನ್ನಡಿಗರಿಗೆ ಈ ತಾಳ್ಮೆ ಹುಟ್ಟಿನಿಂದ ಬಂದಿರಬೇಕಿತ್ತು. ನನಗೆ ತಡವಾಗಿ ಬಂತು.

ಈಗ ಟಿಪ್ಪಣಿ ಬರೆಯುವ ಮೊದಲು ನಿಯಮದ ಒಂದು ಪ್ರತಿ ಇಟ್ಟುಕೊಂಡು, ಪ್ರತಿಯೊಂದು ‘ಆದರೆ’ಯಿಂದ ಅದು ಸೇರುವ ಮಾತಿಗೆ ಪೆನ್ಸಿಲಿನಿಂದ ಗೆರೆ ಎಳೆಯುತ್ತೇನೆ. ಪಕ್ಕದ ಮೇಜಿನವರು ನಗುತ್ತಾರೆ. ನಗಲಿ.