ಮಣ್ಣಿನಲ್ಲಿ ಮರೆಯಾಗುವ ಕಾಯಕ

ಶರಣಧರ್ಮವು ಕಾಯಕಗಳಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ಹಗ್ಗ ಹೊಸೆದ ನುಲಿಯ ಚಂದಯ್ಯನೂ, ದೋಣಿ ನಡೆಸಿದ ಅಂಬಿಗರ ಚೌಡಯ್ಯನೂ, ಬಿಜ್ಜಳನ ಭಂಡಾರವನ್ನು ನೋಡಿಕೊಂಡ ಬಸವಣ್ಣನವರೂ ಶರಣಸಮೂಹದಲ್ಲಿ ಸಮಾನರು. ಆದರೆ ಕಾಯಕವನ್ನು ಮಾಡುವ ಮನಸ್ಸು ಎಂತಹುದೆಂಬುದನ್ನು ಮಾತ್ರ ಶರಣರು ಪರೀಕ್ಷಿಸದೆ ಬಿಡಲಿಲ್ಲ. ಮಕ್ಕಳು ಮುಂದೇನು ಓದಬೇಕೆಂದು ಮನೆಮನೆಗಳಲ್ಲಿ ವಿಚಾರ ನಡೆಯುವಾಗ ಗೃಹಸ್ಥರು ಇದನ್ನು ಮೊದಲು ನೆನೆಯಬೇಕು.

ಇಂದು ಅನೇಕ ತಂದೆತಾಯಿಗಳಿಗೆ ಕಂಪ್ಯೂಟರ್ ವಿದ್ಯೆಯಲ್ಲಿಯೇ ಒಲವು. ಸಿವಿಲ್ ಇಂಜಿನಿಯರಿಂಗ್ ಎಂದರೆ ಬಿಸಿಲು, ಧೂಳು, ಊರೂರು ಅಲೆದಾಟವೆಂದು ಹಿಂಜರಿಯುವವರು ಕೆಲವರು. ಸರಕಾರಿ ನೌಕರಿ ದೊರೆತರೆ ಸಂಬಳಕ್ಕಿಂತ 'ಮೇಲುಸಂಪಾದನೆ'ಯೇ ಹೆಚ್ಚೆಂದು ಆಸೆಪಡುವವರು ಇನ್ನು ಕೆಲವರು. ಮೊದಲನೆಯದು ಅರಿವಿನ ಕೊರತೆ, ಎರಡನೆಯದು ಆತ್ಮಘಾತ.

ಮೊದಲು ಅರಿವಿನ ಮಾತು. ನಲ್ಲಿಯಲ್ಲಿ ಬರುವ ನೀರು, ಮಗು ಶಾಲೆಗೆ ನಡೆಯುವ ಹಾದಿ, ಹಳ್ಳ ದಾಟಿಸುವ ಸೇತುವೆ, ಹೊಲಕ್ಕೆ ಹರಿಯುವ ಕಾಲುವೆ, ಊರ ಕೊಳೆಯನ್ನು ಸಾಗಿಸುವ ಚರಂಡಿ ಇವೆಲ್ಲವೂ ಈ ವಿದ್ಯೆಯ ಫಲಗಳು. ಪಿ.ಯು.ಸಿ.ಯಲ್ಲಿ ಗಣಿತ, ಭೌತಶಾಸ್ತ್ರಗಳನ್ನು ಓದಿದವರಿಗೆ ನಾಲ್ಕು ವರ್ಷದ ಪದವಿಯುಂಟು. ಎಸ್.ಎಸ್.ಎಲ್.ಸಿ.ಯ ಬಳಿಕವೇ ಮೂರು ವರ್ಷದ ಡಿಪ್ಲೊಮಾ ಓದಿ, ಅನಂತರ ಪದವಿಯ ಎರಡನೆಯ ವರ್ಷಕ್ಕೆ ಸೇರುವ ಮಾರ್ಗವೂ ಉಂಟು. ಮಠಗಳೂ ಈ ವಿದ್ಯೆಯನ್ನು ಹೊರಗಿನದೆಂದು ಬಗೆಯಲಿಲ್ಲ. ತುಮಕೂರಿನ ಶ್ರೀ ಸಿದ್ಧಗಂಗಾ ಮಠದ ಆಶ್ರಯದಲ್ಲಿ 1963ರಲ್ಲಿಯೇ ತಾಂತ್ರಿಕ ಮಹಾವಿದ್ಯಾಲಯವು ಆರಂಭವಾಯಿತು.

ಶರಣಪರಂಪರೆಯಲ್ಲಿ ಈ ಕಾಯಕದ ಮೂಲವನ್ನು ಅರಸುವವರು ಸೊನ್ನಲಿಗೆಯ ಸಿದ್ಧರಾಮೇಶ್ವರರನ್ನು ನೆನೆಯಬೇಕು. ಹನ್ನೆರಡನೆಯ ಶತಮಾನದಲ್ಲಿ ಅವರು ಕಟ್ಟಿಸಿದ ಕೆರೆಯು ಈಗ ಮಹಾರಾಷ್ಟ್ರಕ್ಕೆ ಸೇರಿದ ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಆ ಕೆರೆಯ ಕೆಲಸ ಸಾಗುತ್ತಿದ್ದಾಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಸಿದ್ಧರಾಮರನ್ನು ಮಣ್ಣು ಹೊರುವವನೆಂದು ಕರೆದು ಕೆಣಕಿದರೆಂದು ಶೂನ್ಯಸಂಪಾದನೆಯು ಹೇಳುತ್ತದೆ. ಪ್ರಭುಗಳಿಗೆ ಕೆರೆಯ ಮೇಲೆ ದ್ವೇಷವೇ? ಬಾಯಾರಿದವರಿಗೆ ನೀರು ಸಲ್ಲುವುದು ಅವರಿಗೆ ಬೇಡವಾಗಿತ್ತೇ? ಅಲ್ಲ. 'ನಾನು ಕಟ್ಟಿದೆ' ಎಂಬ ಭಾವವು ಕೆರೆಯ ತಳದಲ್ಲಿ ಹೂತಿರಬಾರದೆಂಬುದೇ ಅವರ ಇಂಗಿತ. ಸಿದ್ಧರಾಮರು ಆ ಮಾತಿನ ಪೆಟ್ಟನ್ನು ತಾಳಿದರು, ಅರಿತರು, ಕಲ್ಯಾಣಕ್ಕೆ ನಡೆದರು. ಅವರ ಅಹಂಕಾರವಳಿಯಿತು, ಕೆರೆಯು ಉಳಿಯಿತು.

ನಮ್ಮ ಕಾಲಕ್ಕೆ ಹತ್ತಿರದವರಾದ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನವೂ ತರುಣರಿಗೆ ಪಾಠ. ಮುದ್ದೇನಹಳ್ಳಿಯ ಬಡ ಮನೆಯ ಬಾಲಕನು ಪುಣೆಯಲ್ಲಿ ಇಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತದ ಸೇವೆಗೆ ಸೇರಿದನು. ನೀರು ಏರಿದಾಗ ತಾವಾಗಿ ತೆರೆಯುವ ಬಾಗಿಲುಗಳನ್ನು ಅವರು ರೂಪಿಸಿದರು. ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ 1903ರಲ್ಲಿ ಅವನ್ನು ಅಳವಡಿಸಲಾಯಿತು. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಯಿತು. ಸುಣ್ಣಕ್ಕೆ ಇಟ್ಟಿಗೆಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಿದ ಆ ಕಲ್ಲುಕಟ್ಟಡವು ಇಂದಿಗೂ ಮಂಡ್ಯದ ಗದ್ದೆಗಳಿಗೆ ನೀರುಣಿಸುತ್ತಿದೆ. ಅವರ ಜನ್ಮದಿನವಾದ ಸೆಪ್ಟೆಂಬರ್ 15ನ್ನು ದೇಶವು ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ.

ಇನ್ನು ಆತ್ಮಘಾತದ ಮಾತು. ಈ ಕಾಯಕಕ್ಕೆ ಒಂದು ವಿಶೇಷ ಲಕ್ಷಣವಿದೆ: ಇದರಲ್ಲಿ ಮುಖ್ಯವಾದುದೆಲ್ಲ ಮರೆಯಾಗುತ್ತದೆ. ಅಸ್ತಿಭಾರವು ಮಣ್ಣಿನಡಿಗೆ ಹೋಗುತ್ತದೆ. ಕಬ್ಬಿಣದ ಸರಳು ಕಾಂಕ್ರೀಟಿನೊಳಗೆ ಅಡಗುತ್ತದೆ. ಕಲಸುವುದು ಸುಲಭವಾಗಲೆಂದು ಕಾಂಕ್ರೀಟಿಗೆ ನೀರನ್ನು ಹೆಚ್ಚಾಗಿ ಸುರಿದರೆ, ಆ ಹೆಚ್ಚಿನ ನೀರು ಆರಿಹೋದ ಜಾಗದಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ಬಲವು ಕುಗ್ಗುತ್ತದೆ. ಆ ರಂಧ್ರಗಳಿಂದ ತೇವವು ಇಳಿದು ಸರಳಿಗೆ ತುಕ್ಕು ಹಿಡಿಸುತ್ತದೆ. ತುಕ್ಕು ಉಬ್ಬಿದಾಗ ಕಾಂಕ್ರೀಟು ಬಿರಿಯುತ್ತದೆ. ಕನಿಷ್ಠ ಏಳು ದಿನ ಅದನ್ನು ಒದ್ದೆಯಾಗಿಡಬೇಕೆಂಬ ನಿಯಮವನ್ನು ಮೂರನೆಯ ದಿನಕ್ಕೇ ಮರೆತರೂ ಮೇಲ್ನೋಟಕ್ಕೆ ಕಾಣುವುದಿಲ್ಲ. ಹದಿನೈದು ಸೆಂಟಿಮೀಟರಿನ ಘನವನ್ನು ಎರಕಹೊಯ್ದು, ಇಪ್ಪತ್ತೆಂಟನೆಯ ದಿನ ಒತ್ತಿ ಪರೀಕ್ಷಿಸುವ ಕ್ರಮವುಂಟು. ಆದರೆ ಪರೀಕ್ಷೆಗೆ ಒಂದು ಕಲಸು, ಸೇತುವೆಗೆ ಇನ್ನೊಂದು ಕಲಸು ಮಾಡುವವನನ್ನು ಯಾವ ಯಂತ್ರವು ಹಿಡಿಯಬಲ್ಲುದು? ನಡೆದ ಕೆಲಸವನ್ನು ಅಳೆದು ಬರೆಯುವ ಪುಸ್ತಕದಲ್ಲಿ ಇಂಜಿನಿಯರನು ಹಾಕುವ ಒಂದು ರುಜುವಿನ ಮೇಲೆ ಹಣವು ಸಂದಾಯವಾಗುತ್ತದೆ. ಆ ರುಜು ಸುಳ್ಳಾದರೆ, ಎಂದೋ ಒಂದು ಮಳೆಗಾಲದ ರಾತ್ರಿ ಅದರ ಬೆಲೆಯನ್ನು ತೆರುವವರು ಆ ಸೇತುವೆಯ ಮೇಲೆ ನಡೆಯುವ ನಿರಪರಾಧಿಗಳು.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಅರಿಯದ ಭಕ್ತರಿಲ್ಲ. ಅವರು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಶರಣೆ ಲಕ್ಕಮ್ಮನವರು ಅದನ್ನು ಒಲೆಗೇರಿಸಲಿಲ್ಲ; ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದರು. ಅದು ಕದ್ದ ಅಕ್ಕಿಯಲ್ಲ, ಲಂಚದ ಅಕ್ಕಿಯೂ ಅಲ್ಲ. ನಿತ್ಯದ ಅಗತ್ಯಕ್ಕಿಂತ ಮಿಕ್ಕದ್ದು, ಅಷ್ಟೇ. ಅಷ್ಟಕ್ಕೇ ಆ ತಾಯಿಯ ಮನಸ್ಸು ಅಂಜಿತು. ಹೀಗಿರುವಲ್ಲಿ, ಮಗನು ತಂದ ಹಣದಲ್ಲಿ ಸಿಮೆಂಟಿನ ಪಾಲೆಷ್ಟು, ಮರಳಿನ ಪಾಲೆಷ್ಟು ಎಂದು ಕೇಳದೆ ಪೂಜೆಯ ಪತ್ರೆ ಪುಷ್ಪಗಳನ್ನು ಕೊಳ್ಳುವ ಮನೆಯಲ್ಲಿ ಲಿಂಗವು ಆ ಪೂಜೆಯನ್ನು ಒಪ್ಪೀತೇ?

ಆದುದರಿಂದ ತಂದೆತಾಯಿಗಳು ಮಗನನ್ನಾಗಲಿ ಮಗಳನ್ನಾಗಲಿ ಈ ವಿದ್ಯೆಗೆ ಕಳುಹುವ ಮುನ್ನ ಅಂಕಗಳೊಡನೆ ಇನ್ನೊಂದನ್ನೂ ನೋಡಬೇಕು: ಯಾರೂ ಕಾಣದ ಕಡೆ ಈ ಮಗು ನೆಟ್ಟಗೆ ನಡೆಯುವುದೇ? ನಡೆಯುವುದಾದರೆ ಬಿಸಿಲಿಗೂ ಧೂಳಿಗೂ ಅಂಜದೆ ಕಳುಹಲಿ. ಆ ನೌಕರಿಯ ಆದಾಯವೆಷ್ಟೆಂದು ನೆಂಟರು ಕೇಳಿದಾಗ ಸಂಬಳವನ್ನಷ್ಟೇ ಹೇಳುವ ಧೈರ್ಯವನ್ನು ತಾವೂ ಗಳಿಸಿಕೊಳ್ಳಲಿ. ಅಸ್ತಿಭಾರವು ಮಣ್ಣಿನಲ್ಲಿ ಮುಚ್ಚಿದರೂ ಅಂಗೈಯ ಲಿಂಗಕ್ಕೆ ಮುಚ್ಚಿದುದು ಯಾವುದೂ ಇಲ್ಲ. ಇದನ್ನರಿತು ಕಟ್ಟಿದ ಸೇತುವೆಯು ಜಂಗಮಕ್ಕೆ ಸಂದ ದಾಸೋಹವೇ ಸರಿ. ಅಂತಹ ಕಾಯಕವು ನಮ್ಮ ಮಕ್ಕಳ ಪಾಲಿಗೆ ಒದಗುವಂತೆ ಪರಶಿವನು ಅನುಗ್ರಹಿಸಲಿ.