ಸತ್ಯಾಣುವ್ರತವೂ ವರದಿಗಾರರ ಪ್ರಾಣಭಯವೂ

ಸ್ಥೂಲವಾದ ಸುಳ್ಳನ್ನು ಆಡಬಾರದು, ಆಡಿಸಬಾರದು. ಪರರಿಗೆ ವಿಪತ್ತನ್ನು ತರುವ ಸತ್ಯವನ್ನೂ ನುಡಿಯಬಾರದು. ಇದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸತ್ಯಾಣುವ್ರತಕ್ಕೆ ಹೇಳಿರುವ ಲಕ್ಷಣದ ತಾತ್ಪರ್ಯ. ಇದರ ಕೊನೆಯ ಮಾತನ್ನು ವ್ಯಾಪಾರಸ್ಥರಾದ ನಾವು ಹಲವು ವೇಳೆ ನಮ್ಮ ಮೌನಕ್ಕೆ ಹೊದಿಕೆಯಾಗಿ ಬಳಸುತ್ತೇವೆ. ಅನ್ಯಾಯವನ್ನು ಕಂಡೂ “ನಮಗೇಕೆ?” ಎಂದು ಸುಮ್ಮನಿದ್ದು, ಅದನ್ನೇ ಅಹಿಂಸೆಯೆಂದು ಸಮಾಧಾನಪಡುತ್ತೇವೆ. ಹಾಗಾದರೆ ಪಾತಕಿಗಳ ಕೃತ್ಯವನ್ನು ಬಯಲಿಗೆಳೆದು, ತನಗೂ ತನ್ನ ಮನೆಯವರಿಗೂ ವಿಪತ್ತನ್ನು ತಂದುಕೊಳ್ಳುವ ಪತ್ರಕರ್ತನ ಸತ್ಯವು ದೋಷಯುಕ್ತವೇ?

ಐರ್ಲೆಂಡಿನ ವೆರೋನಿಕಾ ಗೆರಿನ್ ಅವರ ಚರಿತ್ರೆ ಇಲ್ಲಿ ವಿಚಾರಾರ್ಹವಾಗಿದೆ. ಲೆಕ್ಕಪತ್ರ ವಿದ್ಯೆಯನ್ನು ಬಲ್ಲ ಈ ಮಹಿಳೆ ‘ಸಂಡೇ ಇಂಡಿಪೆಂಡೆಂಟ್’ ಪತ್ರಿಕೆಯಲ್ಲಿ ಡಬ್ಲಿನ್ ನಗರದ ಮಾದಕ ವಸ್ತುಗಳ ವ್ಯವಹಾರವನ್ನು ಕುರಿತು ಬರೆದರು. ಮಾನನಷ್ಟ ಮೊಕದ್ದಮೆಯ ಭಯದಿಂದ ಪಾತಕಿಗಳನ್ನು ಅಡ್ಡಹೆಸರುಗಳಿಂದಲೇ ಸೂಚಿಸಬೇಕಾಗಿತ್ತು. 1994ರಲ್ಲಿ ಅವರ ಮನೆಯ ಮೇಲೆ ಗುಂಡು ಹಾರಿತು. 1995ರ ಜನವರಿಯಲ್ಲಿ ಮುಸುಕುಧಾರಿಯೊಬ್ಬನು ಮನೆಬಾಗಿಲಲ್ಲೇ ಅವರ ಕಾಲಿಗೆ ಗುಂಡು ಹೊಡೆದನು. ಅದೇ ವರ್ಷ, ಕಣ್ಣಿಗೆ ಕಾಣುವ ಆದಾಯವಿಲ್ಲದೆ ಸಿರಿವಂತನಾಗಿದ್ದವನೊಬ್ಬನಲ್ಲಿಗೆ ಹೋಗಿ ಹಣದ ಮೂಲವನ್ನು ಕೇಳಿದಾಗ ಹಲ್ಲೆಗೊಳಗಾದರು. 1996ರ ಜೂನ್ 26ರಂದು ನಗರದ ಹೊರವಲಯದಲ್ಲಿ ಕೆಂಪು ದೀಪಕ್ಕಾಗಿ ಕಾರನ್ನು ನಿಲ್ಲಿಸಿದ್ದಾಗ, ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರಲ್ಲಿ ಒಬ್ಬನು ಅವರನ್ನು ಗುಂಡಿಟ್ಟು ಕೊಂದನು. ಅವರಿಗೆ ಎಳೆಯ ಮಗನಿದ್ದನು.

ಆ ಮಗುವನ್ನು ನೆನೆದಾಗ, ಗೃಹಸ್ಥಳಾದವಳು ಇಷ್ಟು ದೂರ ಹೋಗಬಹುದಿತ್ತೇ ಎಂಬ ಶಂಕೆ ಮೂಡುವುದು ಸಹಜ. ಅದನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಆಚಾರ್ಯರ ವಾಕ್ಯದ ಜೀವವು ಕರುಣೆ. ಸಾಕ್ಷಿದಾರನ ಹೆಸರನ್ನು ಪ್ರಕಟಿಸಿ ಅವನನ್ನು ಕೊಲೆಗಡುಕರಿಗೆ ಒಪ್ಪಿಸುವುದು, ಶೋಕತಪ್ತರ ಕಣ್ಣೀರನ್ನು ಪತ್ರಿಕೆಯ ಮಾರಾಟಕ್ಕೆ ಬಳಸುವುದು, ಇವು ನಿಜವಾದ ಮಾತುಗಳಾದರೂ ವ್ರತಕ್ಕೆ ವಿರುದ್ಧ. ಯುವಕರಿಗೆ ವಿಷವನ್ನು ಮಾರುವವನ ಲಾಭ ಕೆಡುವುದನ್ನು ಮಾತ್ರ ‘ಪರರ ವಿಪತ್ತು’ ಎನ್ನಲಾಗದು. ಗೆರಿನ್ ಅವರ ಪ್ರಾಣಹರಣದ ಪಾಪ ಕೊಂದವನದು, ಕೊಲ್ಲಿಸಿದವನದು, ಬರೆದವರದಲ್ಲ.

ಕೃತ, ಕಾರಿತಗಳ ಜೊತೆಗೆ ಅನುಮೋದನೆಯೆಂಬ ಮೂರನೆಯದೂ ಇದೆಯಲ್ಲವೇ? ಇಲ್ಲಿಯೇ ನಮ್ಮ ಪಾಲು ಆರಂಭವಾಗುತ್ತದೆ. ಆ ಹತ್ಯೆಯ ಬಳಿಕ ಐರ್ಲೆಂಡ್ ಸರ್ಕಾರವು 1996ರಲ್ಲಿಯೇ ಅಪರಾಧದಿಂದ ಬಂದ ಆಸ್ತಿಯನ್ನು ವಶಪಡಿಸಿಕೊಳ್ಳುವ ಕಾಯಿದೆಯನ್ನೂ, ಅದಕ್ಕಾಗಿ ಪ್ರತ್ಯೇಕ ಸಂಸ್ಥೆಯನ್ನೂ ರೂಪಿಸಿತು. ಪಾತಕವು ಬಂದೂಕಿನಿಂದ ಮಾತ್ರ ಬಾಳುವುದಿಲ್ಲ, ಅದರ ಹಣವನ್ನು ಪ್ರಶ್ನಿಸದೆ ಸ್ವೀಕರಿಸುವ ಸಜ್ಜನರಿಂದಲೂ ಬಾಳುತ್ತದೆ ಎಂಬುದನ್ನು ಆ ದೇಶ ತಡವಾಗಿ ಅರಿತಿತು. ನಮ್ಮ ತತ್ತ್ವಾರ್ಥಸೂತ್ರವು ಕಳವಿನ ವಸ್ತುವನ್ನು ಕೊಳ್ಳುವುದನ್ನು ಅಚೌರ್ಯವ್ರತದ ಅತಿಚಾರಗಳಲ್ಲಿ ಎಣಿಸಿದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಶ್ರಾವಕನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಮೊದಲು ಇಟ್ಟಿದ್ದಾರೆ.

ಬಸದಿಯ ಜೀರ್ಣೋದ್ಧಾರಕ್ಕೆ ದೊಡ್ಡ ಮೊತ್ತ ಬಂದಾಗ ದಾನಿಯ ಹೆಸರನ್ನು ಶಿಲೆಯಲ್ಲಿ ಕೆತ್ತಿಸಲು ನಾವು ತೋರುವ ಆತುರವನ್ನು, ಆ ಹಣ ಬಂದ ದಾರಿಯನ್ನು ತಿಳಿಯುವುದರಲ್ಲಿ ತೋರುತ್ತೇವೆಯೇ? ಅಂಗಡಿಯ ಗಲ್ಲಾಪೆಟ್ಟಿಗೆಗೂ ಇದೇ ಪ್ರಶ್ನೆ ಸಲ್ಲುತ್ತದೆ. ಎಲ್ಲರೂ ಸುಮ್ಮನಿರುವ ಊರಿನಲ್ಲಿ ಕೇಳುವವನೊಬ್ಬನೇ ಗುಂಡಿಗೆ ಗುರಿಯಾಗುತ್ತಾನೆ. ಕೇಳುವವರು ಹೆಚ್ಚಿದಷ್ಟೂ ಅವನ ಅಪಾಯ ತಗ್ಗುತ್ತದೆ. ದೂರದೇಶದ ಮಹಿಳೆಯೊಬ್ಬಳು ಪ್ರಾಣವನ್ನೇ ಪಣಕ್ಕಿಟ್ಟು ಕೇಳಿದ ಪ್ರಶ್ನೆಯನ್ನು, ಅಂತಹ ಭಯವಿಲ್ಲದ ನಾವು ನಮ್ಮ ಟ್ರಸ್ಟಿನ ಸಭೆಗಳಲ್ಲಿ ವಿನಯದಿಂದ ಕೇಳಲಾರೆವೇ?